ದೋಣಿ ದುರ್ಗವ್ವನ ತುದಿ ಮಾತು

ಪೂಜ್ಯ ಪೇಟಿ ಮಾಸ್ತರಿಗೆ,

ನಿಮ್ಮ ಮಂಗ್ಯಾನ ಸಾಷ್ಟಾಂಗ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿಯ ಕ್ಷೇಮ ಕೇಳುವ ಧೈರ್ಯ ನನಗಿಲ್ಲ. ಈ ಪತ್ರ ಬರೆಯುತ್ತಿರುವವನು ನಿಮ್ಮ ನಾಟಕದ ಹಾಸ್ಯ ಪಾರ್ಟಿನ ಪೋರನಲ್ಲ. ದಾಂಡೇಲಿ, ಹಳಿಯಾಳ, ಮುಂಡಗೋಡ, ಜೋಯಿಡಾ ಪ್ರಾಂತಗಳ ಸ್ವಯಂಘೋಷಿತ ಮಹಾಸಂಶೋಧಕ ಎಂಬುದನ್ನು ತಾವು ಮೊದಲು ಅರಿಯಬೇಕು. ಸಂಶೋಧನೆಯ ವಿಷಯ, ತಾವೇ ಕಟ್ಟಿದ ‘ಸಂಗೀತ ದೋಣಿ ದುರ್ಗವ್ವ’: ಅದರ ಹುಟ್ಟು, ಅದು ಕಂಡ ಪ್ರಯೋಗಗಳು, ಅದನ್ನು ಕಂಡ ಜನ. ನಗಬೇಡಿ. ಇಲ್ಲ, ನಗಿ. ಆ ನಗು ಕೇಳದೆ ಒಂದು ಮಳೆಗಾಲವೇ ಕಳೆದುಹೋಯಿತು.

ನೀವು ನನಗೆ ಮೊದಲ ಸಲ ಪಾರ್ಟು ಹೇಳಿಕೊಟ್ಟ ಸಂಜೆ ನೆನಪಿದೆಯೇ? ಗಿರಣಿ ಬಿಡುವ ಭೋಂಗಾ ಕೂಗಿಯಾಗಿತ್ತು. ನೀವು ಬಿದಿರು ತೂಗುವ ಕೆಲಸ ಮುಗಿಸಿ, ಮೈಮೇಲಿನ ಸಿಬಿರನ್ನೂ ಕೊಡವದೆ ಬಂದು ಹಾರ್ಮೋನಿಯಂ ಪೇಟಿಯ ಮುಂದೆ ಕೂತಿರಿ. ನನ್ನ ಮಾತು, ಅದಕ್ಕೆ ಮೊದಲು ಎದುರಿನವರು ಆಡುವ ಮಾತಿನ ತುದಿ, ಅಷ್ಟೇ ಹೇಳಿಕೊಟ್ಟಿರಿ. “ಪೂರ್ತಿ ನಾಟಕ ಹೇಳ್ರಿ ಮಾಸ್ತರ” ಎಂದೆ. “ಹೇಳೂದಿಲ್ಲೋ ಮಂಗ್ಯಾ. ತುದಿ ಮಾತು ಕಿವಿಗೆ ಬಿತ್ತು, ನಿನ್ನ ಮಾತು ಬಾಯಿಗೆ ಬಂತು. ಮುಗೀತು. ನಟನಿಗೆ ಇನ್ನೇನ ಬೇಕು?” ಹಿಂದೆ ನಿಮ್ಮದೊಂದು ನಾಟಕವನ್ನು ಬೇರೆ ಮೇಳದವರು ಕದ್ದು, ಮುಂಡಗೋಡದಲ್ಲಿ ನಿಮಗಿಂತ ಮೊದಲೇ ಆಡಿಬಿಟ್ಟಿದ್ದರಂತೆ. ಅಂದಿನಿಂದ ಈ ವ್ರತ. ಕಾಗದದ ಗಿರಣಿಯ ಅನ್ನ ಉಂಡವರು, ಸ್ವಂತ ನಾಟಕವನ್ನು ಒಂದೇ ಒಂದು ಹಾಳೆಗೂ ಇಳಿಸಲಿಲ್ಲ! ಇದಕ್ಕೆ ಜಗತ್ತಿನಲ್ಲಿ ಸಾಟಿಯುಂಟೇ?

ಪಾರ್ಟು ತಪ್ಪಿದವರಿಗೆ ನೀವು ಬೈದದ್ದೇ ಇಲ್ಲ. ಪೇಟಿ ನಿಲ್ಲಿಸುತ್ತಿದ್ದಿರಿ. ಕನ್ನಡಕದ ಮೇಲಿಂದ ಒಂದು ನೋಟ, ತಿದಿಯ ಮೇಲೆ ಒಂದು ಕೈ. ಆ ಮೌನಕ್ಕಿಂತ ಚಪ್ಪಲಿ ಏಟು ಲೇಸು ಎಂದು ಹಳಿಯಾಳದ ಬಸಪ್ಪಣ್ಣ ಹೇಳುತ್ತಿದ್ದ. ಅವನು ನಮ್ಮ ದೇಸಾಯಿ ಪಾರ್ಟಿನವನು. ಸಂತೆಯಲ್ಲಿ ಹತ್ತಿ ಕೊಳ್ಳುವಾಗಲೂ ದೇಸಾಯಿಯ ಗತ್ತು ಬಿಡದವನು. ಆಟದ ದಿನ ನೀವೇ ಸೀರೆ ಉಟ್ಟು ದುರ್ಗವ್ವನಾಗಿ ನಿಲ್ಲುತ್ತಿದ್ದಿರಿ. ಪೇಟಿಗೆ ಆಗ ಜೋಯಿಡಾದ ವಿಠೋಬ. ಅವನಿಗೆ ಕೊಂಕಣಿ ಬಿಟ್ಟರೆ ನಿಮ್ಮ ರಾಗಗಳಷ್ಟೇ ಗೊತ್ತು. ಆದರೂ ಯಾರಾದರೂ ಒಂದು ಮಾತು ತಪ್ಪಿದರೆ ಅವನ ಕೈಯೂ ನಿಮ್ಮ ಕೈಯಂತೆಯೇ ನಿಲ್ಲುತ್ತಿತ್ತು.

ನೀವು ಹೋದ ಮೇಲೆ ಬಸಪ್ಪಣ್ಣ ನಮ್ಮನ್ನೆಲ್ಲ ತನ್ನ ಹತ್ತಿ ಅಂಗಡಿಯಲ್ಲಿ ಕೂಡಿಸಿದ. “ಮಾಸ್ತರ ಹೆಸರಿಲೆ ಹಳ್ಯಾಳದಾಗ ದುರ್ಗವ್ವ ಆಡೂಣು” ಎಂದ. ಎಲ್ಲರೂ ಹೂಂ ಎಂದೆವು. ಅವರವರ ಪಾರ್ಟು ಅವರವರ ಬಾಯಲ್ಲಿತ್ತು. ಒಬ್ಬೊಬ್ಬರೇ ಹೇಳುತ್ತ ಬಂದಾಗ ನಡುನಡುವೆ ಗುಂಡಿ. ದುರ್ಗವ್ವನ ಪಾರ್ಟು ಯಾರಿಗೂ ಬಾರದು. ನಮಗೆ ಗೊತ್ತಿದ್ದದ್ದು ನಿಮ್ಮ ಮಾತುಗಳ ತುದಿಗಳು ಮಾತ್ರ. ಮಾಸ್ತರ, ಇಷ್ಟು ವರ್ಷ ನಿಮ್ಮೆದುರು ನಿಂತವರು ನಾವು. ನೀವು ಹಾಡುವಾಗ ಕೇಳದೆ, ತುದಿಗೆ ಕಾಯುತ್ತ ನಿಂತಿದ್ದೆವಲ್ಲ...

ಹೀಗೆ ಸಂಶೋಧನೆ ಆರಂಭವಾಯಿತು. ಹಳಿಯಾಳದಲ್ಲಿ, ದುರ್ಗವ್ವ ಸೂಪಾದ ಹೊಳೆಯಲ್ಲಿ ನಿಜವಾಗಿ ದೋಣಿಯ ಹುಟ್ಟು ಹಾಕುತ್ತಿದ್ದ ಹೆಣ್ಣು ಎಂದರು. ಸೂಪಾಕ್ಕೆ ಹೋದರೆ ಅಂಬಿಗ ನಕ್ಕುಬಿಟ್ಟ. ಅಲ್ಲಿ ಹೆಂಗಸು ದೋಣಿ ನಡೆಸಿದ್ದನ್ನು ಅವನ ಅಜ್ಜನೂ ಕಂಡಿಲ್ಲವಂತೆ. ಮುಂಡಗೋಡದಲ್ಲಿ ಒಬ್ಬ ಅಜ್ಜಿ, ಕೊನೆಯಲ್ಲಿ ದುರ್ಗವ್ವ ಹೊಳೆ ಪಾಲಾಗುವುದಿಲ್ಲ, ದಡಕ್ಕೆ ಬರುತ್ತಾಳೆ ಎಂದು ಹಟ ಹಿಡಿದಳು. “ಇಲ್ಲಬೇ, ಮುಳಗತಾಳ” ಎಂದೆ. “ನೀ ಏನ ನೋಡೀಯೋ ತಮ್ಮಾ, ಚಾಪಿ ಹಾಸಿ ಮುಂದ ಕುಂತಾಕಿ ನಾನು” ಎಂದು ಗದರಿಸಿದಳು. ಅವಳೆದುರು ದುರ್ಗವ್ವನನ್ನು ಮುಳುಗಿಸಲು ಮನಸ್ಸು ಬರದೆ ಬಂದೆ. ಅಲ್ಲಿ ಈಗ ಟಿಬೇಟದವರು ಬಂದು ನೆಲೆಸಿದ್ದಾರೆ. ನಿಮಗೆ ಇದು ತಿಳಿಯದು. ತಿಳಿದಿದ್ದರೆ ಅವರಿಂದಲೂ ಒಂದು ರಾಗ ಕಲಿಯದೆ ಬಿಡುತ್ತಿರಲಿಲ್ಲ.

ಕೊನೆಯ ಹಾಡಿನ ಮಾತಿಗೆ ಬರುತ್ತೇನೆ. ನೆರೆ ಬಂದಿದೆ. ಸಿಕ್ಕಿಬಿದ್ದವರನ್ನು ದಾಟಿಸಲು ದುರ್ಗವ್ವ ಮತ್ತೆ ದೋಣಿ ಹತ್ತಿದ್ದಾಳೆ. ದಡದಲ್ಲಿ ದೇಸಾಯಿ. ನೀವು ಹಾಡುತ್ತೀರಿ, ಹಾಡು ‘ಬರ್ತೇನಿ’ ಎಂದು ಮುಗಿಯುತ್ತದೆ, ಆ ತುದಿ ಹಿಡಿದು ಬಸಪ್ಪಣ್ಣ “ತಿರುಗಿ ಬಾ ದುರ್ಗವ್ವಾ” ಎನ್ನಬೇಕು. ದೋಣಿ ನೆರೆಯಲ್ಲಿ ಮರೆಯಾಗುತ್ತದೆ, ಅಲ್ಲಿಗೆ ನಾಟಕ ಮುಗಿಯಿತು. ರಾಗ ವಿಠೋಬನ ಬೆರಳಲ್ಲಿ ಭದ್ರವಾಗಿದೆ. ಆದರೆ ಹಾಡು? ನೆನಪಿಸಿಕೊಳ್ಳಲು ಬಾಯಿ ತೆರೆದಾಗಲೆಲ್ಲ ಬಸಪ್ಪಣ್ಣನಿಗೂ ನನಗೂ ಬಂದದ್ದು ಅದೊಂದೇ. ತಾಲೀಮಿನಲ್ಲಿ ನಿಮ್ಮ ಬೆನ್ನ ಹಿಂದೆ ಸೆರಗು ಹೊದ್ದು, ಸೊಂಟ ತಿರುವಿ, ಅದೇ ರಾಗದಲ್ಲಿ ನಾನು ಹಾಡುತ್ತಿದ್ದ, ಭಜಿ ಕರಿಯುವವಳ ಅಣಕು ಪದ:

ತಾಳವ್ವ ತಾಳ, ಎಣ್ಣಿ ಕಾದಿಲ್ಲ,
ಹಿಟ್ಟಿನಾಗ ಮೆಣಸಿನಕಾಯಿ ಮಿಂದಿಲ್ಲ,
ಹಸದ ಬಂದವ್ರನ ಹೆಂಗ ಕಳಸಲಿ,
ಒಂದ ಒಬ್ಬಿ ಭಜಿ ತಗದ ಬರ್ತೇನಿ.

ತುದಿ ಕೆಡಿಸಿದರೆ ಬಸಪ್ಪಣ್ಣ ಸಿಡುಕುತ್ತಾನೆಂದು ‘ಬರ್ತೇನಿ’ಯನ್ನಷ್ಟೇ ಉಳಿಸಿದ್ದೆ. ಎಲ್ಲರೂ ಅದನ್ನೇ ಹಾಡಿ ಹಾಡಿ ನಿಮ್ಮ ಹಾಡು ಅದರ ಅಡಿಯಲ್ಲಿ ಹೂತುಹೋಗಿತ್ತು. ಎಂಥ ಸಂಶೋಧಕ ನಾನು! ನಾಲ್ಕು ಊರು ಅಲೆದು ಕೊನೆಗೆ ಕಂಡುಹಿಡಿದದ್ದು ನನ್ನದೇ ಮೆಣಸಿನಕಾಯಿ.

ನಿಮ್ಮ ಮನೆಯಾಕೆ ಶಾಂತಕ್ಕನ ಬಳಿ ಹೋಗಲು ತಡ ಮಾಡಿದೆ. ನಿಮ್ಮ ಮನೆಯ ಗೂಟದಲ್ಲಿ ದುರ್ಗವ್ವನ ಸೀರೆ ಇನ್ನೂ ತೂಗುತ್ತಿರಬಹುದು ಎಂಬ ಅಂಜಿಕೆ. ತೂಗುತ್ತಲೇ ಇತ್ತು. ಅಕ್ಕ ಚಹಾ ಕೊಟ್ಟು, ನನ್ನ ಸಂಶೋಧನೆಯ ಬಗ್ಗೆ ಎಲ್ಲ ಕೇಳಿ, “ಸೂಪಾಕ್ಕ ಯಾಕ ಹೋದ್ಯೋ ಮಾರಾಯಾ” ಎಂದಳು. “ಮದಿವ್ಯಾದ ಹೊಸದರಾಗ ಹೊಳಿ ದಾಟೂ ಮುಂದ ನಾ ಅಂಜಿ ಅಳಾಕ ಹತ್ತಿದ್ದೆ. ನನಗ ಧೈರ್ಯ ಹೇಳಾಕ ಅವರು ದೋಣ್ಯಾಗ ಕುಂತ ಕಟ್ಟಿದ ಕತಿ ಅದು. ಹೊಳಿಗೆ ಅಂಜದಾಕಿ ಒಬ್ಬಾಕಿ ಇದ್ಳಂತ, ಅಂತ.” ನಿಮ್ಮ ನಾಟಕದ ಹುಟ್ಟು ಇಷ್ಟೇನಾ ಮಾಸ್ತರ? ಅಳುವ ಹೆಂಡತಿಯನ್ನು ಆಚೆ ದಡ ಸೇರಿಸುವುದೇ?

ಕೊನೆಯ ಹಾಡು ಬರುತ್ತದೆಯೇ ಎಂದು ಕೇಳಿದೆ. ಅಕ್ಕ ಅಡ್ಡಡ್ಡ ತಲೆಯಾಡಿಸಿದಳು. “ನಿಜವಾದ್ದು ನನಗ ಬರೂದಿಲ್ಲೋ. ನೀ ಕಟ್ಟಿದ್ದ ಬರತೈತಿ. ಮನ್ಯಾಗ ಅವರು ಅದನ್ನ ಹಾಡತಿದ್ರು, ದಾಡಿ ಮಾಡಕೋತ. ‘ಮಂಗ್ಯಾ ನನ್ನಕಿಂತ ಛಲೋ ಕಟ್ಯಾನ’ ಅಂತಿದ್ರು.” ನಾನು ನಗಲು ಹೋದೆ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: “ದವಾಖಾನ್ಯಾಗ, ಜ್ವರದಾಗ, ಕಡೀಕ ಅದನ್ನ ಹಾಡಿದ್ರು. ಭಾಳ ಸಾವಕಾಶ.”

ಆ ದಿನ ನಾನು ಬಿದಿರು ಲಾರಿ ಹತ್ತಿ ಗಣೇಶಗುಡಿಯ ಕಡೆ ಹೋಗಿದ್ದೆ. ಬಂದಾಗ ನೀವು ಇರಲಿಲ್ಲ. ನಿಮ್ಮಿಂದ ತುದಿ ಮಾತು ಸಿಗದೆ, ರಂಗದ ನಡುವೆ ಪಾರ್ಟು ಮರೆತವನಂತೆ ನಿಂತವನು ನಾನು. ಅಕ್ಕನ ಮನೆಯಿಂದ ಬರುವಾಗ ದಾರಿಯಲ್ಲಿ ಆ ಪದವನ್ನು ಮೊದಲ ಸಲ ಸಾವಕಾಶ ಹಾಡಿಕೊಂಡೆ. ತಾಳವ್ವ ತಾಳ... ಹಸದ ಬಂದವ್ರನ ಹೆಂಗ ಕಳಸಲಿ... ಯಾರಿಗೆ ಹೇಳುತ್ತಿದ್ದಿರಿ ಮಾಸ್ತರ, ತಾಳು ಎಂದು?

ಈಗ ನಿಮಗೆ ತಲುಪದ ಸುದ್ದಿ. ಮೊನ್ನೆ ಹಳಿಯಾಳದಲ್ಲಿ ದುರ್ಗವ್ವನನ್ನು ಆಡಿದೆವು. ತುದಿಗಳಿಗೆ ಹೊಂದುವಂತೆ ನಡುವಿನ ಮಾತುಗಳನ್ನು ನಾನೇ ಕಟ್ಟಿದೆ. ನಿಮ್ಮ ಸೀರೆಯನ್ನು ಶಾಂತಕ್ಕ ತನ್ನ ಕೈಯಾರೆ ನನಗೆ ಉಡಿಸಿದಳು. ನೆರಿಗೆ ಹಿಡಿಯುತ್ತ, “ಅಂಜಬ್ಯಾಡ” ಎಂದಳು. ಕೊನೆಯ ಹಾಡಿಗೆ ಬೇರೆ ಹಾಡು ಇರಲಿಲ್ಲ. ಅದನ್ನೇ ಹಾಡಿದೆ. ಎಣ್ಣೆ ಕಾದಿಲ್ಲ ಎಂದಾಗ ಮುಂದೆ ಕೂತವರು ಹೋ ಎಂದು ನಕ್ಕರು. ಮೂರನೆಯ ಸಾಲಿಗೆ ಯಾರೂ ನಗಲಿಲ್ಲ. ‘ಬರ್ತೇನಿ’ ಎಂದು ತುದಿ ಕೊಟ್ಟು ದೇಸಾಯಿಯ ಕಡೆ ತಿರುಗಿದೆ.

ಇನ್ನು ಬಸಪ್ಪಣ್ಣನ ಸರದಿ. ಎಷ್ಟು ಆಟಗಳಲ್ಲಿ ಆಡಿದ ಮಾತು! ಅವನು ನನ್ನ ಸೀರೆಯನ್ನೇ ನೋಡುತ್ತ, ಕೈ ಜೋಡಿಸಿ, “ತಿರುಗಿ ಬರ್ರಿ ಮಾಸ್ತರ” ಎಂದುಬಿಟ್ಟ.

ಪಾರ್ಟು ತಪ್ಪಿತ್ತು. ಹಳೆಯ ಅಭ್ಯಾಸದಂತೆ ನಾವೆಲ್ಲ ಒಮ್ಮೆಲೇ ಪೇಟಿಯ ಕಡೆ ನೋಡಿದೆವು.

ವಿಠೋಬ ನಿಲ್ಲಿಸಲಿಲ್ಲ. ನುಡಿಸುತ್ತಲೇ ಇದ್ದ.

ಇಂತಿ ನಿಮ್ಮ
ಮಂಗ್ಯಾ