ಸಜ್ಜೆ ಹೊಲದ ನೀಲಕಂಠ

ಸಾರೆ ದೆಂಬಾ, ಸೆನೆಗಲ್
ವಿಜಯದಶಮಿ, ಮಧ್ಯಾಹ್ನ

ಅವ್ವಾ,

ಈ ಹಳ್ಳಿಯಲ್ಲಿ ಫೋನ್ ಸಿಗುವುದಿಲ್ಲ. ನಾಳೆ ಪೇಟೆಗೆ ಹೋಗುವ ಜೀಪಿನಲ್ಲಿ ಪತ್ರ ಕಳಿಸುತ್ತೇನೆ. ಅದು ಅಮೆರಿಕಕ್ಕೆ, ನಿನ್ನ ಸೌತ್‌ಲೇಕ್ ಮನೆಗೆ ಮುಟ್ಟುವಷ್ಟರಲ್ಲಿ ದೀಪಾವಳಿಯೇ ಬಂದಿರಬಹುದು.

ಮಳೆಗಾಲ ಮುಗಿದಿದೆ. ಮನೆಗಳ ಸುತ್ತ ಆಳೆತ್ತರ ಮೀರಿದ ಸಜ್ಜೆ, ಅದರಾಚೆ ತುಂಬಿದ ನದಿ, ಅದರ ಮೇಲೆ ಮರುಭೂಮಿ ದಾಟಿ ಯುರೋಪಿನಿಂದ ಬಂದಿಳಿಯುವ ಹಕ್ಕಿಗಳು. ಅವನ್ನು ಎಣಿಸುವುದು ನನ್ನ ಕೆಲಸ. ಎಷ್ಟೋ ಸಲ ಎಣಿಕೆ ಮರೆತು ಬಾಯಿ ತೆರೆದು ನಿಂತುಬಿಡುತ್ತೇನೆ.

ಐದು ವರ್ಷದ ಹಿಂದೆ ದಸರಾ ದಿನ ನೀನು ಹಿತ್ತಲಲ್ಲಿ ಬ್ಲೂ ಜೇ ಹಕ್ಕಿಗೆ ಕೈಮುಗಿದು, "ನೀಲಕಂಠ ಕಂಡ್ತು, ಇನ್ನ ವರ್ಷೆಲ್ಲಾ ಚಲೋ ಆಗ್ತೈತಿ" ಅಂದಿದ್ದೆ. ಹಬ್ಬಕ್ಕೆ ಬಂದವರೆಲ್ಲರ ಮುಂದೆ ನಾನು ನಕ್ಕೆ. "ಅದು ನೀಲಕಂಠ ಅಲ್ಲವ್ವ, ಕಾಗಿ ಜಾತಿದು" ಅಂದೆ. ಆಮೇಲೆ ಯಾವ ದಸರೆಗೂ ನೀನು ಹಿತ್ತಲಿಗೆ ಹೋಗಿದ್ದನ್ನು ನಾನು ಕಾಣಲಿಲ್ಲ.

ಇವತ್ತು ಬೆಳಿಗ್ಗೆ ಹೊಲದ ಜಾಲಿಮರದಿಂದ ಒಂದು ಹಕ್ಕಿ ಹಾರಿತು. ರೆಕ್ಕೆಯ ನೀಲಿ ಬಿಸಿಲಿನಲ್ಲಿ ಹೊತ್ತಿಕೊಂಡ ಹಾಗಾಯಿತು. ನೀಲಕಂಠದ ಬಳಗದ್ದೇ, ಆದರೆ ಬಾಲಕ್ಕೆ ಎರಡು ಉದ್ದ ಗರಿ ಹೆಚ್ಚು. ಅಂದರೆ ಇದೂ ನಮ್ಮ ನೀಲಕಂಠವಲ್ಲ. ಆದರೂ ನನ್ನ ಎಣಿಕೆಯ ಪುಸ್ತಕ ಕೆಳಗೆ ಬಿದ್ದಿತ್ತು, ನಾನು ಕೈಮುಗಿದು ನಿಂತಿದ್ದೆ.

ನಾನು ಉಳಿದುಕೊಂಡಿರುವ ಮನೆಯ ಒಡತಿ ಐಸಾತು ಕೇಳಿದಳು, "ಇದು ನಿಮ್ಮೂರಿನ ಹಕ್ಕಿಯೇ?"

ಹೌದು ಅಂದೆ.

ನಿನ್ನ ಆ ಹಕ್ಕಿಗೆ ಶೇಂಗಾ ಅಂದರೆ ಇಷ್ಟ. ಹಿತ್ತಲ ಕಟ್ಟೆಯ ಮೇಲೆ ದಿನಾ ಒಂದು ಹಿಡಿ ಇಡು. ಉಪ್ಪು ಹಾಕಿದ್ದು ಬೇಡ. ನೀಲಕಂಠ ಬಂದಾಗ ನನ್ನ ಪರವಾಗಿಯೂ ಕೈ ಮುಗಿ.

ನಿನ್ನ
ಶಿವಲೀಲಾ