ಬಿಂಬುಳಿ ರಸ ಮತ್ತು ಟಿ.ವಿ.ಯ ಕೆಳಗೆ ಓಡಿದ ಸಾಲು

ಟಿ.ವಿ.ಯ ಮಾತುಗಳ ಮೇಲೆ ನಿಗಾ ಇಡುವ ಹುದ್ದೆಯಲ್ಲಿರುವ ಮಾನ್ಯರೇ,

ನನ್ನ ಅಕ್ಕ ಪ್ರೇಮಾವತಿ ಕಳೆದ ಮಾರ್ಚ್ ಆರರಂದು ತೀರಿಕೊಂಡಳು. ಅವಳಿಗೆ ಐವತ್ತೆಂಟು ವರ್ಷ. ಬೆಳಗಿನ ಒಂಬತ್ತು ಗಂಟೆಯ ಆರೋಗ್ಯ ಕಾರ್ಯಕ್ರಮದಲ್ಲಿ ಒಬ್ಬ ಪ್ರಸಿದ್ಧ ಡಾಕ್ಟರು ಹೇಳಿದರೆಂದು ಹದಿನಾಲ್ಕು ದಿನ ಬರಿಹೊಟ್ಟೆಯಲ್ಲಿ ಬಿಂಬುಳಿ ಕಾಯಿಯ ರಸ ಕುಡಿದಳು. ಅವಳ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದವು. ಅಂಥ ಮಾತು ಯಾರ ಒಪ್ಪಿಗೆಯಿಂದ ನಮ್ಮ ಮನೆಯೊಳಗೆ ಬಂತು ಎಂದು ಕೇಳಲು ಈ ಪತ್ರ. ಇಂಥದ್ದನ್ನು ನೋಡಿಕೊಳ್ಳಲು ಸರಕಾರದಲ್ಲಿ ಒಂದು ಕುರ್ಚಿ ಉಂಟು ಎಂದು ತಾಲೂಕು ಕಚೇರಿಯ ಒಬ್ಬರು ಗುಮಾಸ್ತರು ಹೇಳಿದರು. ಅದು ಯಾವ ಊರಿನಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಎಲ್ಲಿದ್ದರೂ ನೀವು ಪತ್ರಿಕೆ ಓದುವಿರಿ ಎಂದು ನಂಬಿಕೊಂಡು. ನಾನು ಹತ್ತನೇ ತರಗತಿ ಓದಿದವಳು. ದಿನಚರಿ ಬರೆಯುವುದು ಬಿಟ್ಟರೆ ಬೇರೆ ಬರವಣಿಗೆ ಅಭ್ಯಾಸವಿಲ್ಲ.

ಮಡಂತ್ಯಾರಿನ ಹತ್ತಿರ ನಮ್ಮ ಮನೆ. ಭಾವ ಹೋದ ಮೇಲೆ, ಅಕ್ಕನ ಮಗಳು ಸುಪ್ರೀತಾ ಮದುವೆಯಾಗಿ ಮೂಡುಬಿದಿರೆಗೆ ಹೋದ ಮೇಲೆ, ಅಕ್ಕ ಮತ್ತು ನಾನು ಇಬ್ಬರೇ. ಇಬ್ಬರೂ ಬೀಡಿ ಕಟ್ಟುವವರು. ಪಕ್ಕದ ಮನೆಯ ಜುಲೈಕಾ ಕೂಡ ತನ್ನ ತಡ್ಪೆ ಹಿಡಿದುಕೊಂಡು ನಮ್ಮ ಜಗಲಿಗೇ ಬರುತ್ತಾಳೆ. ಬೀಡಿ ಕಟ್ಟುವುದನ್ನು ನೀವು ನೋಡಿದ್ದೀರೋ ಇಲ್ಲವೋ. ಮಡಿಲಲ್ಲಿ ತಡ್ಪೆ ಎಂದರೆ ಮೊರ, ತಡ್ಪೆಯಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿ. ಎಲೆಯನ್ನು ಅಳತೆಗೆ ಕತ್ತರಿಸಿ, ಪುಡಿ ಹಾಕಿ, ಸುರುಟಿ, ತುದಿ ಮಡಚಿ, ನೂಲು ಸುತ್ತುವವರೆಗೆ ಕಣ್ಣು ಮೇಲೆತ್ತುವ ಹಾಗಿಲ್ಲ. ಎತ್ತಿದರೆ ಬೀಡಿ ಸಡಿಲವಾಗುತ್ತದೆ, ಬೀಡಿ ಎಣಿಸಿ ತೆಗೆದುಕೊಳ್ಳುವ ಕಂಪೆನಿಯ ಬ್ರಾಂಚಿನಲ್ಲಿ ಬದಿಗೆ ಹಾಕುತ್ತಾರೆ. ಹಾಗಾಗಿ ಟಿ.ವಿ. ನಮಗೆ ನೋಡುವ ವಸ್ತುವಲ್ಲ, ಕೇಳುವ ವಸ್ತು. ಅದು ಒಳಗಿನ ಕೋಣೆಯಲ್ಲಿ ಮಾತಾಡುತ್ತಿರುತ್ತದೆ, ನಾವು ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿರುತ್ತೇವೆ. ಧಾರಾವಾಹಿಯಲ್ಲಿ ಅಳುತ್ತಿರುವುದು ಅತ್ತೆಯೋ ಸೊಸೆಯೋ ಎಂದು ದನಿಯಿಂದಲೇ ಹೇಳುತ್ತೇವೆ. ದಾರಿಯಲ್ಲಿ ಎದುರಾದರೆ ಇಬ್ಬರ ಗುರುತೂ ಸಿಗಲಿಕ್ಕಿಲ್ಲ. ಬಂಟ್ವಾಳದಿಂದ ಬೆಳ್ತಂಗಡಿ, ಮೂಡುಬಿದಿರೆಯವರೆಗೆ ಬೀಡಿ ಕಟ್ಟುವ ಮನೆಗಳಲ್ಲಿ ಬೆಳಿಗ್ಗೆ ಹೀಗೆಯೇ.

ಫೆಬ್ರವರಿ ಒಂಬತ್ತರ ದಿನಚರಿಯಲ್ಲಿ ಹೀಗೆ ಬರೆದಿದ್ದೇನೆ: "ಟಿ.ವಿ. ಡಾಕ್ಟರು ಬಿಂಬುಳಿಯ ವಿಷಯ ಹೇಳಿದರು. ಅಕ್ಕನಿಗೆ ಬಹಳ ಖುಷಿ." ಖುಷಿ ಯಾಕೆಂದರೆ ಬಾವಿಯ ಬದಿಯಲ್ಲಿ ನಮ್ಮದೇ ಬಿಂಬುಳಿ ಮರ ಉಂಟು. ಕಾಂಡಕ್ಕೇ ಗೊಂಚಲು ಗೊಂಚಲಾಗಿ ಹುಳಿ ಕಾಯಿ ಬಿಡುತ್ತದೆ. ಮೀನು ಸಾರಿಗೆ ನಾಲ್ಕು, ಉಪ್ಪಿನಕಾಯಿಗೆ ಒಂದಿಷ್ಟು, ಉಳಿದದ್ದು ಉದುರಿ ಕೊಳೆಯುವುದು. ಅಕ್ಕನಿಗೆ ಎಂಟು ವರ್ಷದಿಂದ ಶುಗರ್. ಆ ಕಾಯಿಯ ರಸ ಶುಗರನ್ನು ಬೇರು ಸಮೇತ ಕೀಳುತ್ತದೆ ಎಂದರು ಡಾಕ್ಟರು. ಇದು ಔಷಧವಲ್ಲ ತಾಯಂದಿರೇ, ಆಹಾರ. ಆಹಾರಕ್ಕೆ ಅಡ್ಡಪರಿಣಾಮ ಎಲ್ಲಿಂದ ಬರಬೇಕು ಎಂದು ನಮ್ಮನ್ನೇ ಕೇಳಿದರು. ಮೊದಮೊದಲು ವಾಂತಿಯಾದರೆ ಹೆದರಬೇಡಿ, ಮೈಯೊಳಗಿನ ವಿಷ ಹೊರಗೆ ಹೋಗುತ್ತಿದೆ ಎಂದು ಸಂತೋಷಪಡಿ ಎಂದರು. ಎಷ್ಟು ಕುಡಿಯಬೇಕು ಎನ್ನುವಾಗ ಮಾತ್ರ "ದಿನಕ್ಕೆ ಇಷ್ಟು" ಎಂದು ಏನನ್ನೋ ತೋರಿಸಿದರು.

"ಎಷ್ಟಂತೆ?" ಎಂದು ಅಕ್ಕ ಕೇಳಿದಳು. ನನ್ನ ತಲೆಯೂ ತಗ್ಗಿಯೇ ಇತ್ತು.

"ಒಂದು ಲೋಟ ಇರಬೇಕು ಪ್ರೇಮಕ್ಕ. ಒಂದು ಚಮಚಕ್ಕೆ ಅವರು ಇಷ್ಟು ಬೊಬ್ಬೆ ಹಾಕ್ತಾರಾ?" ಎಂದಳು ಜುಲೈಕಾ.

ನಾನು ಕೈ ಒರೆಸಿಕೊಂಡು, ದಿನಚರಿಯಿಂದ ಒಂದು ಹಾಳೆ ಹರಿದು ಬರೆದೆ: ಬಿಂಬುಳಿ ರಸ, ಒಂದು ಲೋಟ, ಬರಿಹೊಟ್ಟೆ, ನಲವತ್ತೆಂಟು ದಿನ. ನನ್ನ ಅಕ್ಷರ ಚೆಂದ ಎಂದು ಅಕ್ಕನಿಗೆ ಮೊದಲಿನಿಂದಲೂ ಹೆಮ್ಮೆ. ಹಾಳೆಯನ್ನು ಅಡಿಗೆಕೋಣೆಯ ಗೋಡೆಗೆ ಅಂಟಿಸಿದಳು.

ಟಿ.ವಿ.ಯಲ್ಲಿ ಹೇಳಿದ್ದನ್ನೆಲ್ಲ ನಂಬಿದ್ದು ನಿಮ್ಮದೇ ತಪ್ಪು ಎಂದು ನೀವು ಹೇಳಬಹುದು. ಉತ್ತರಕ್ರಿಯೆಗೆ ಬಂದ ನೆಂಟರೂ ಊಟ ಮುಗಿಸಿ ಅದನ್ನೇ ಹೇಳಿ ಹೋದರು. ಯಾಕೆ ನಂಬಿದೆವು ಎಂದು ನಾನೂ ಇಷ್ಟು ದಿನ ಯೋಚಿಸಿದ್ದೇನೆ. ನಮ್ಮ ಪೇಟೆಯಲ್ಲಿ ಡಾ. ರಾಮಪ್ರಸಾದ್ ಇದ್ದಾರೆ, ಅಕ್ಕನ ಶುಗರಿಗೆ ಮಾತ್ರೆ ಕೊಡುತ್ತಿದ್ದವರು ಅವರೇ. ಅವರ ಬಾಗಿಲಲ್ಲಿ ಯಾವಾಗಲೂ ನಲವತ್ತು ಜನ; ನಮ್ಮ ಸರದಿಗೆ ಎರಡು ನಿಮಿಷ. ಟಿ.ವಿ.ಯವರಿಗೆ ಅರ್ಧ ಗಂಟೆ ಉಂಟು, ಎಲ್ಲರೂ ಅವರಿಗೆ ತಾಯಂದಿರೇ. ಇನ್ನೊಂದು ಕಾರಣ ಹೇಳಿದರೆ ನಿಮಗೆ ನಗು ಬರಬಹುದು. ನಮ್ಮ ಮನೆಮಾತು ತುಳು. ರಾಮಪ್ರಸಾದರು ತುಳುವಿನಲ್ಲಿ ಬೈಯುತ್ತಾರೆ, ನಾವು ತುಳುವಿನಲ್ಲಿಯೇ ಅವರೊಡನೆ ಚರ್ಚೆ ಮಾಡುತ್ತೇವೆ. ಕನ್ನಡ ನಮಗೆ ಶಾಲೆಯ ಮಾತು, ಮಾಸ್ಟ್ರ ಮಾತು, ಕಚೇರಿಯ ಕಾಗದದ ಮಾತು. ಸ್ವಚ್ಛ ಕನ್ನಡದಲ್ಲಿ ಒಬ್ಬರು ನಿಧಾನವಾಗಿ ಹೇಳತೊಡಗಿದರೆ ನಮ್ಮ ಕೈ ತಾನಾಗಿ ಬರೆದುಕೊಳ್ಳುತ್ತದೆ. ಆ ಭಾಷೆಗೆ ಎದುರು ಮಾತಾಡಬಹುದು ಎಂದು ನಮಗೆ ಯಾರೂ ಕಲಿಸಿಲ್ಲ.

ರಾಮಪ್ರಸಾದರನ್ನು ಒಂದು ಮಾತು ಕೇಳುವ ಎಂದು ನಾನು ಹೇಳದೆ ಇರಲಿಲ್ಲ.

"ಅವರನ್ನಾ? ಅವರ ಮೂಗು ಸೋರುವಾಗ ನಾನೇ ಒರೆಸಿದ್ದೇನೆ" ಎಂದಳು ಅಕ್ಕ. "ಅವರನ್ನು ಯಾವ ಟಿ.ವಿ.ಯವರು ಕರೆದಿದ್ದಾರೆ ಹೇಳು."

ಜುಲೈಕಾಳಿಗೂ ಶುಗರ್ ಉಂಟು, ಅವಳೂ ನಾಲ್ಕು ದಿನ ಕುಡಿದಳು. ಐದನೇ ದಿನ, ನನಗೆ ಶುಗರಿಗಿಂತ ಹಲ್ಲು ಮುಖ್ಯ, ಇದ್ದ ಎಂಟೂ ಜುಂ ಎನ್ನುತ್ತಾ ಉಂಟು ಎಂದು ಬಿಟ್ಟಳು. ಅಕ್ಕ ಅವಳನ್ನು ಹೇಡಿ ಎಂದು ತಮಾಷೆ ಮಾಡಿದಳು. ಹಿಡಿದದ್ದನ್ನು ಬಿಡುವ ಜಾತಿಯವಳಲ್ಲ ನಮ್ಮ ಅಕ್ಕ. ಬೆಳಿಗ್ಗೆ ಎದ್ದು ಬುಟ್ಟಿ ತುಂಬ ಕಾಯಿ ಕೊಯ್ದು, ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ಏಳನೇ ದಿನ ವಾಂತಿ ಶುರುವಾಯಿತು. ಆ ದಿನದ ದಿನಚರಿಯನ್ನು ನಿಮಗೆ ತೋರಿಸಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: "ಅಕ್ಕನಿಗೆ ಎರಡು ಸಲ ವಾಂತಿ. ಒಳ್ಳೆಯ ಲಕ್ಷಣ." ಹನ್ನೊಂದನೇ ದಿನ ಬಿಕ್ಕಳಿಕೆ ಹಿಡಿಯಿತು, ನೀರು ಕುಡಿದರೂ ನಿಲ್ಲಲಿಲ್ಲ. ಮುಖ ಊದಿತು. ಮೂತ್ರ ಕಡಿಮೆಯಾಯಿತು ಎಂದು ಅವಳು ನನಗೆ ಹೇಳಿದ್ದು ಹದಿಮೂರನೇ ದಿನ, ಅದೂ ನಾಚಿಕೊಂಡು. ಹದಿನಾಲ್ಕನೇ ದಿನ ರಸ ಕುಡಿದು ಬಂದು ಕೂತವಳಿಗೆ ಬೀಡಿಗೆ ನೂಲು ಸುತ್ತಲು ಆಗಲಿಲ್ಲ. ನೂಲು ಕೈಯಿಂದ ಜಾರಿ ಜಾರಿ ಬೀಳುತ್ತಿತ್ತು. ಆಗ ರಿಕ್ಷಾ ಕರೆಸಿದೆವು.

ರಾಮಪ್ರಸಾದರು ಅವಳನ್ನು ನೋಡಿದ ಕೂಡಲೇ ಏನು ಕೊಟ್ಟಿದ್ದೀರಿ ಎಂದು ಕೇಳಿದರು. ನಾನು ಗೋಡೆಯಿಂದ ಕಿತ್ತು ತಂದಿದ್ದ ಹಾಳೆ ಕೊಟ್ಟೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಹಾಳೆಯನ್ನು ಮೇಜಿನ ಮೇಲಿಟ್ಟು ಮಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದರು. ಆ ಕಾಯಿಯ ಹುಳಿ ಸಾರಿಗೆ ಹಾಕುವಷ್ಟಿದ್ದರೆ ಮೈ ತಡೆಯುತ್ತದೆ, ಲೋಟಗಟ್ಟಲೆ ಹೋದರೆ ಕಿಡ್ನಿಯಲ್ಲಿ ಹರಳಾಗಿ ಕೂರುತ್ತದೆ, ಶುಗರಿನವರ ಕಿಡ್ನಿ ಮೊದಲೇ ಸೋತಿರುತ್ತದೆ ಎಂದು ಆಮೇಲೆ ಬಿಡಿಸಿ ಹೇಳಿದರು. ಆಗ ಹೇಳಿದ್ದು ಒಂದೇ ಮಾತು.

"ಪದ್ಮಾಕ್ಷಿ, ಇಷ್ಟು ಹತ್ತಿರ ಇದ್ದೆನಲ್ಲ, ನನ್ನನ್ನು ಒಮ್ಮೆ ಕೇಳಬಾರದಿತ್ತಾ?"

ಮಂಗಳೂರಿಗೆ ಕರೆದುಕೊಂಡು ಹೋದೆವು. ನಾಲ್ಕು ಸಲ ಡಯಾಲಿಸಿಸ್ ಮಾಡಿದರು. ಐದನೆಯದಕ್ಕೆ ಅವಳು ಇರಲಿಲ್ಲ.

ಉತ್ತರಕ್ರಿಯೆ ಮುಗಿದ ಮೇಲೆ ನಾನು ಆ ಕಾರ್ಯಕ್ರಮದವರ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಒಬ್ಬ ಹುಡುಗಿ, ದನಿ ಮೃದುವಾಗಿತ್ತು. ಎಲ್ಲವನ್ನೂ ಕೇಳಿಸಿಕೊಂಡು, "ವೈದ್ಯರನ್ನು ಕೇಳದೆ ತಗೋಬೇಡಿ ಅಂತ ಸ್ಕ್ರೀನ್ ಕೆಳಗಡೆ ಹಾಕಿರ್ತೀವಲ್ಲ ಮೇಡಂ, ನೀವು ನೋಡ್ಲಿಲ್ವಾ?" ಎಂದಳು.

"ನಾವು ನೋಡುವುದಿಲ್ಲ. ಕೇಳುವುದು ಮಾತ್ರ" ಎಂದೆ.

"ಟಿವಿನ ನೋಡದೆ ಹೇಗೆ ಮೇಡಂ?"

ಅವಳು ಕುಹಕದಿಂದ ಕೇಳಿದ್ದಲ್ಲ. ನಿಜವಾಗಿ ಅವಳಿಗೆ ಗೊತ್ತಿರಲಿಲ್ಲ.

ಅದೇ ವಾರ ಸುಪ್ರೀತಾ ಆ ದಿನದ ಕಾರ್ಯಕ್ರಮವನ್ನು ತನ್ನ ಮೊಬೈಲಿನಲ್ಲಿ ಹುಡುಕಿದಳು. ಜಗಲಿಯಲ್ಲಿ ನಾವಿಬ್ಬರೂ ಕೂತು ನೋಡಿದೆವು. ಬೀಡಿ ಮುಟ್ಟಲು ಇನ್ನೂ ಮನಸ್ಸು ಬಾರದ ದಿನಗಳು. ಕೈ ಖಾಲಿ ಇದ್ದುದರಿಂದ ಕಣ್ಣಿಗೆ ಬಿಡುವಿತ್ತು. ಡಾಕ್ಟರ ಮುಖವನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ಚೆಂದದ ಮುಖ. ಅವರು "ದಿನಕ್ಕೆ ಇಷ್ಟು" ಎನ್ನುವ ಜಾಗ ಬರುವ ಮೊದಲು ನಾನು ದೇವರಲ್ಲಿ ಒಂದನ್ನು ಬೇಡಿಕೊಂಡೆ: ಅವರ ಕೈಯಲ್ಲಿರುವುದು ಸಣ್ಣ ಗ್ಲಾಸು ಆಗಿರಲಿ, ಕೆಮ್ಮಿನ ಔಷಧ ಅಳೆಯುವಂಥದ್ದು. ಆಗ ತಪ್ಪು ಪೂರ್ತಿ ನನ್ನ ಅಕ್ಷರದ್ದಾಗುತ್ತಿತ್ತು. ನಾನು ಅದನ್ನು ಹೊತ್ತುಕೊಂಡು ಸುಮ್ಮನಿರುತ್ತಿದ್ದೆ, ನಿಮಗೆ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಅವರ ಕೈಯಲ್ಲಿದ್ದದ್ದು ದೊಡ್ಡ ಸ್ಟೀಲಿನ ಲೋಟ, ಅಂಚಿನವರೆಗೆ ತುಂಬಿದ್ದು. ನಮ್ಮ ಅಂದಾಜು ತಪ್ಪಿರಲಿಲ್ಲ.

ಆ ಲೋಟದ ಕೆಳಗೆ ಸಾಲು ಓಡುತ್ತಿತ್ತು. ಸಣ್ಣ ಬಿಳಿ ಅಕ್ಷರ. ಓದಿ ಮುಗಿಸುವ ಮೊದಲೇ ಮಾಯ. ಸುಪ್ರೀತಾ ಮೂರು ಸಲ ಹಿಂದಕ್ಕೆ ತಂದ ಮೇಲೆ ದಿನಚರಿಗೆ ಇಳಿಸಿಕೊಂಡೆ: ಇಲ್ಲಿನ ಸಲಹೆಗಳು ಅತಿಥಿಗಳ ಸ್ವಂತ ಅಭಿಪ್ರಾಯ, ನಿಮ್ಮ ವೈದ್ಯರನ್ನು ವಿಚಾರಿಸದೆ ಪಾಲಿಸಬೇಡಿ, ಪರಿಣಾಮಕ್ಕೆ ವಾಹಿನಿ ಹೊಣೆಯಲ್ಲ. ಮೇಲೆ ಬಾಯಿ ಹೆದರಬೇಡಿ ಎನ್ನುತ್ತದೆ, ಕೆಳಗೆ ಅಕ್ಷರ ಪಾಲಿಸಬೇಡಿ ಎನ್ನುತ್ತದೆ. ಇವೆರಡರಲ್ಲಿ ನಿಮ್ಮ ಇಲಾಖೆ ಒಪ್ಪಿದ್ದು ಯಾವುದನ್ನು? ಸುಪ್ರೀತಾ ಮೊಬೈಲು ಕೆಳಗಿಟ್ಟು, "ಅಮ್ಮ ಇದನ್ನು ನೋಡಲೇ ಇಲ್ಲ ಅಲ್ವಾ ಚಿಕ್ಕಮ್ಮ" ಎಂದಳು. ನನ್ನನ್ನು ಅವಳು ಒಂದು ಮಾತೂ ಅನ್ನಲಿಲ್ಲ. ಇಂದಿಗೂ ಅಂದಿಲ್ಲ.

ಮಾನ್ಯರೇ, ನಾವು ಕಟ್ಟುವ ಬೀಡಿಯ ಕಟ್ಟನ್ನು ನೀವು ಎಲ್ಲಾದರೂ ಕಂಡಿರಬಹುದು. ಅದರ ಬಹುಪಾಲು ಜಾಗದಲ್ಲಿ ರೋಗದ ಚಿತ್ರ ಇರಬೇಕೆಂದು ಸರಕಾರವೇ ನಿಯಮ ಮಾಡಿದೆ. ಓದು ಬಾರದವನಿಗೂ ಹೆದರಿಕೆ ಮುಟ್ಟಲಿ ಎಂದು. ಒಳ್ಳೆಯ ನಿಯಮ, ನಮ್ಮ ಅನ್ನಕ್ಕೆ ಕುತ್ತಾದರೂ ನಾವು ಅದನ್ನು ಆಡಿಕೊಂಡಿಲ್ಲ. ನಮ್ಮ ಕೈ ಮಾಡಿದ ವಸ್ತುವಿನ ಮೇಲೆ ಅಷ್ಟು ದೊಡ್ಡದಾಗಿ ಕೂಗಬೇಕು ಎಂದವರು, ಒಬ್ಬ ಪ್ರಸಿದ್ಧರ ಬಾಯಿಂದ ಬಂದದ್ದಕ್ಕೆ ಇಷ್ಟು ಸಣ್ಣದಾಗಿ ಪಿಸುಗುಟ್ಟಿದರೆ ಸಾಕು ಎಂದು ಹೇಗೆ ತೀರ್ಮಾನಿಸಿದಿರಿ? ಕಾಗದದ ಪ್ರಕಾರ ನಮಗೆ ಎಚ್ಚರಿಕೆ ಕೊಟ್ಟಾಗಿದೆ. ಬಂದು ಮುಟ್ಟಲಿಲ್ಲ, ಅಷ್ಟೆ. ಕಣ್ಣು ಕಾಣದವರಿಗೆ, ಓದು ಬಾರದ ಅಜ್ಜಿಯಂದಿರಿಗೆ, ಒಲೆಯ ಮುಂದೆ ನಿಂತು ಕಿವಿ ಮಾತ್ರ ಕೊಟ್ಟವರಿಗೆ ಅದು ಮುಟ್ಟುವ ಬಗೆ ಯಾವುದು?

ಟಿ.ವಿ. ಡಾಕ್ಟರುಗಳನ್ನೆಲ್ಲ ಓಡಿಸಿ ಎಂದು ನಾನು ಕೇಳುವುದಿಲ್ಲ. ಕೈ ತೊಳೆಯಿರಿ, ಮಾತ್ರೆ ತಪ್ಪಿಸಬೇಡಿ ಎಂದು ಹೇಳುವ ಒಳ್ಳೆಯವರೂ ಅಲ್ಲಿ ಇದ್ದಾರು. ನಾನು ಕೇಳುವುದು ಇಷ್ಟು. ಕೆಳಗೆ ಓಡುವ ಆ ಸಾಲನ್ನು, ಸಲಹೆ ಕೊಡುವ ಡಾಕ್ಟರೇ, ಸಲಹೆ ಕೊಡುವ ಮೊದಲು, ಅದೇ ದನಿಯಲ್ಲಿ, ಅಷ್ಟೇ ನಿಧಾನವಾಗಿ ಬಾಯಿಬಿಟ್ಟು ಹೇಳಬೇಕು. ಯಾರು ತೆಗೆದುಕೊಳ್ಳಬಾರದು ಎಂದೂ ಹೇಳಬೇಕು. ಹೇಳಲು ಅವರಿಗೆ ಬಾಯಿ ಬಾರದಿದ್ದರೆ ಸಲಹೆಯೂ ಬೇಡ. ಬಿಂಬುಳಿಯ ವಿಷಯದಲ್ಲಿ ತಾನು ಹೇಳಿದ್ದು ತಪ್ಪು, ರಸ ಕುಡಿಯುತ್ತಿರುವವರು ಇವತ್ತೇ ನಿಲ್ಲಿಸಿ ಎಂದು ಅವರಿಂದ ಅದೇ ಒಂಬತ್ತು ಗಂಟೆಗೆ ಹೇಳಿಸಬೇಕು. ಇದು ಅಕ್ಕನಿಗಾಗಿ ಅಲ್ಲ. ಅವರು ಹೇಳಿದ್ದು ನಲವತ್ತೆಂಟು ದಿನ. ಆ ಮಾತು ಮೊಬೈಲಿನಲ್ಲಿ ಇನ್ನೂ ಉಂಟು, ಯಾವುದೋ ಮನೆಯಲ್ಲಿ ಯಾರಿಗೋ ಇವತ್ತು ಆರನೇ ದಿನವೋ ಏಳನೇ ದಿನವೋ ಆಗಿರಬಹುದು. ಅವರಿಗೆ ವಾಂತಿ ಶುರುವಾಗಿರಬಹುದು, ಪಕ್ಕದಲ್ಲಿ ಕೂತವರು ಒಳ್ಳೆಯ ಲಕ್ಷಣ ಎನ್ನುತ್ತಿರಬಹುದು.

ಅವರು ತಲೆ ಎತ್ತಿ ನೋಡುವುದಿಲ್ಲ ಮಾನ್ಯರೇ. ಅವರಿಗೆ ಕೇಳುವ ಹಾಗೆ ಹೇಳಿಸಿ.

ಇಂತಿ,
ಚೆಂದದ ಅಕ್ಷರದಲ್ಲಿ ತಪ್ಪು ಔಷಧ ಬರೆದುಕೊಟ್ಟ ತಂಗಿ,
ಪದ್ಮಾಕ್ಷಿ
ಮಡಂತ್ಯಾರು