ಒಂಬತ್ತನೆಯ ಸರದಿ

ಏಪ್ರಿಲ್ 9, ಮಂಗಳವಾರ. ಬೆಳಿಗ್ಗೆ 11

ಮತ್ತೆ ಅದೇ ಕೋಣೆ, ಅದೇ ತಣ್ಣಗಾದ ಕಾಫಿ. ಗೋಡೆಯ ಬೋರ್ಡಿನ ಮೇಲೆ ಇನ್ನೂರು ಹುಡುಗರ ಹೆಸರು. ಅಮೆರಿಕನ್ ಫುಟ್ಬಾಲ್ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿಗೆ ಹದಿನಾರು ದಿನ. ನಮ್ಮ ಆಯ್ಕೆಯ ಸರದಿ ಒಂಬತ್ತನೆಯದು. ಎದುರಾಳಿಗಳನ್ನು ಮೈಯಿಂದಲೇ ತಡೆಯುವ ಮುಂದಿನ ಸಾಲಿಗೆ ದಾಂಡಿಗನೊಬ್ಬ ಬೇಕೆಂದು ಜನವರಿಯಿಂದ ಬಡಿದುಕೊಳ್ಳುತ್ತಿದ್ದೇವೆ.

ಹತ್ತೂವರೆಗೆ ಎಲ್ಲರ ಫೋನೂ ಒಟ್ಟಿಗೆ ಕಿರುಗುಟ್ಟಿತು. ಆರನೆಯ ಸರದಿಯ ಲೇಕ್‌ಪೋರ್ಟ್ ತಂಡದವರು ಟ್ರೇಡ್ ಮಾಡಿಕೊಂಡಿದ್ದಾರೆ — ಮುಂದಿನ ವರ್ಷದ ಮೊದಲ ಆಯ್ಕೆಯನ್ನು ಬಿಟ್ಟುಕೊಟ್ಟು, ಚೆಂಡೆಸೆದು ಆಟ ನಡೆಸುವ, ಮೂವತ್ತಮೂರು ವಯಸ್ಸಿನ ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು ತಂದಿದ್ದಾರೆ. ಅಂದರೆ ಅವರಿಗಿನ್ನು ಹೊಸ ಕ್ವಾರ್ಟರ್‌ಬ್ಯಾಕ್ ಬೇಡ. ಏಳು, ಎಂಟನೆಯವರಿಗೆ ಮೊದಲೇ ಬೇಡ. ಅಂದರೆ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಕೋಲ್ಬಿ ರೆನ್‌ಫ್ರೋ ನಮ್ಮವರೆಗೆ ಉಳಿಯುತ್ತಾನೆ.

ಮ್ಯಾನೇಜರ್ ಬರ್ಡೆಟ್ ಎದ್ದು ಕೋಲ್ಬಿಯ ಹೆಸರನ್ನು ಬೋರ್ಡಿನ ತುದಿಗೆ ಏರಿಸಿದ.

"ನಮ್ಮ ಕ್ವಾರ್ಟರ್‌ಬ್ಯಾಕ್‌ನದು ಮೊಣಕಾಲು ಹೋಗಿದೆ ಹೇಗೂ. ದಾಂಡಿಗ ಆಮೇಲೆ ಸಿಗ್ತಾನೆ. ಅಜ್ಜ ಬರೆದಿರೋ ವರದಿ ನೋಡ್ರಪ್ಪ. ಕಟ್ಕೊಂಡ ಹೆಂಡ್ತೀನೂ ಹೀಗೆ ಹೊಗಳಿರ್ಲಿಕ್ಕಿಲ್ಲ."

ಎಲ್ಲರೂ ನಕ್ಕರು. ಅಜ್ಜ ಅಂದರೆ ನಾನು. ಊರೂರು ಸುತ್ತಿ ಹುಡುಗರನ್ನು ನೋಡಿ ವರದಿ ಬರೆಯುವವನು. ತಣ್ಣಗಾದ ಕಾಫಿಯನ್ನೇ ಕುಡಿದೆ.

ಏಪ್ರಿಲ್ 10, ಬುಧವಾರ

ಬರೆದೇ ಬಿಡುತ್ತೇನೆ. ಇದನ್ನು ಓದುವವರು ಯಾರಿದ್ದಾರೆ.

ಫೆಬ್ರವರಿಯಲ್ಲಿ ಕೆಂಟಕಿಗೆ ಹೋಗಿದ್ದೆ, ಕೋಲ್ಬಿಯ ಮನೆಗೆ. ತಾಯಿ ಲೊರೆಟ್ಟಾ ಬೀನ್ಸ್ ಬೇಯಿಸಿದ್ದಳು, ಜೋಳದ ಬ್ರೆಡ್ಡು ಮಾಡಿದ್ದಳು. ಹುಡುಗ ಎರಡು ತಾಸು ನನ್ನೆದುರು ಕೂತು ತನ್ನ ಆಟದ ವಿಡಿಯೋ ತೋರಿಸಿದ. ಅವನು ಹಿತ್ತಲಿಗೆ ಹೋದಾಗ ಅವಳು ದನಿ ತಗ್ಗಿಸಿದಳು.

"ತಲೆಗೆ ಮೂರು ಸಲ ಏಟು ಬಿದ್ದಿದೆ, ವಾಲ್ಟ್ ಅವರೇ. ಕಾಲೇಜಿನ ಡಾಕ್ಟ್ರಿಗೆ ಅವನು ಹೇಳ್ಲೇ ಇಲ್ಲ. ಒಂದೊಂದ್ಸಲ ಕಾರ್ ತಗೊಂಡು ಹೋಗ್ತಾನೆ, ಎಲ್ಲಿಗೆ ಹೊರಟಿದ್ದೆ ಅಂತ ಫೋನ್ ಮಾಡಿ ನನ್ನೇ ಕೇಳ್ತಾನೆ."

"ನನಗ್ಯಾಕಮ್ಮ ಹೇಳ್ತೀರಿ?"

"ಯಾರಿಗಾದ್ರೂ ಹೇಳ್ಬೇಕಲ್ಲ. ಬರೀಬೇಡಿ ಮಾತ್ರ. ಆರನೇ ವಯಸ್ಸಿಂದ ಇದೊಂದಕ್ಕೇ ಬದುಕಿದಾನೆ."

ಬರೆಯಲಿಲ್ಲ. ಕರುಣೆಯಿಂದ ಎಂದರೆ ಸುಳ್ಳು. ಬೇಡದವನನ್ನು ಹೊಗಳಿ ಬರೆಯುವುದು, ಆ ಹೊಗಳಿಕೆ ಹೊರಗೆ ಸೋರಲು ಬಿಡುವುದು — ಇದು ನಮ್ಮ ಕಸುಬಿನ ಪದ್ಧತಿ. ನಮಗಿಂತ ಮುಂಚಿನವರು ಅವನನ್ನು ಬಾಚಿಕೊಂಡರೆ ದಾಂಡಿಗ ನಮಗೆ ಉಳಿಯುತ್ತಾನೆ. ಲೇಕ್‌ಪೋರ್ಟಿನವರೇ ತಗೊಳ್ಳಲಿ, ಗ್ರಹಚಾರ ಅವರದೇ ಆಗಲಿ ಅಂದುಕೊಂಡೆ. 'ತಲೆಗೆ ಪೆಟ್ಟಾದ ಇತಿಹಾಸ ಇಲ್ಲ' ಎಂದು ಬರೆದು ಸಹಿ ಹಾಕಿದೆ.

ವರ್ಜಿಲ್ ಸ್ಟ್ಯಾಂಪ್ಸ್ ಎಂಬ ಆಟಗಾರನ ಬಗ್ಗೆ ನಾನು ಬರೆದ ವರದಿಯಲ್ಲೂ ಇದೇ ಸಾಲು. ಹತ್ತೊಂಬತ್ತು ವರ್ಷದ ಹಿಂದೆ. ಅವನನ್ನು ನಾವೇ ತಗೊಂಡಿದ್ದೆವು.

ಏಪ್ರಿಲ್ 14, ಭಾನುವಾರ

ಚರ್ಚಿನಲ್ಲಿ ಮೂರನೆಯ ಸಾಲಿನಲ್ಲಿ ವರ್ಜಿಲ್ ಕೂತಿದ್ದ. ಅದೇ ಅಗಲ ಬೆನ್ನು, ಬಗ್ಗಿದ ಕುತ್ತಿಗೆ. ಅವನನ್ನು ಮಣ್ಣು ಮಾಡಿ ಆರು ವರ್ಷವಾಯಿತು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ತಿರುಗಿದಾಗ ಬೇರೆ ಯಾರೋ.

ಕೊನೆಯ ವರ್ಷ ವರ್ಜಿಲ್‌ನ ಅಡುಗೆಮನೆ ತುಂಬ ಚೀಟಿಗಳು. ತಟ್ಟೆ ಇಲ್ಲಿ. ಉಪ್ಪು ಇಲ್ಲಿ. ಮಗಳ ಹೆಸರು. ಮೂವತ್ತೈದು ವಯಸ್ಸು ಅವನಿಗೆ. ಹೋದಾಗಲೆಲ್ಲ ಒಂದೇ ಪ್ರಶ್ನೆ.

"ಸರ್, ನನ್ನ ತಗೊಂಡ್ರಾ?"

"ತಗೊಂಡ್ವಿ ಕಣೋ."

ಖುಷಿಪಡುತ್ತಿದ್ದ. ಕಾಫಿ ಮುಗಿಯುವುದರೊಳಗೆ ಮತ್ತೆ ಕೇಳುತ್ತಿದ್ದ.

ನಾಳೆ ಬರ್ಡೆಟ್‌ಗೆ ಹೇಳುತ್ತೇನೆ. ಹುಡುಗನ ಹೆಸರನ್ನು ಬೋರ್ಡಿನಿಂದ ತೆಗೆಸುತ್ತೇನೆ.

ಏಪ್ರಿಲ್ 25, ಗುರುವಾರ

ಹೇಳಲಿಲ್ಲ. ಹನ್ನೊಂದು ದಿನ. ಕೆಲಸ ಹೋದೀತೆಂಬ ಹೆದರಿಕೆಯಲ್ಲ... ಅದೂ ಹೌದು. ಮೂವತ್ತು ವರ್ಷದ ಹೆಸರು.

ಒಂಬತ್ತನೆಯ ಸರದಿ ಬಂತು. ಪ್ರತಿ ವರ್ಷದಂತೆ ಬರ್ಡೆಟ್ ಒಬ್ಬೊಬ್ಬರ ಮುಖ ನೋಡಿದ. "ಹೇಳೋದಿದ್ರೆ ಈಗ್ಲೇ ಹೇಳಿ. ಆಮೇಲೆ ಗೊಣಗೋ ಹಾಗಿಲ್ಲ." ಕೊನೆಗೆ ನನ್ನ ಹತ್ತಿರ ಬಂದ. "ಏನಜ್ಜ?"

ಅವನ ಹಿಂದೆ ಬೋರ್ಡಿಗೆ ಒರಗಿ ವರ್ಜಿಲ್ ನಿಂತಿದ್ದ. ಅವನೂ ಕಾಯುತ್ತಿದ್ದ.

"ಏನಿಲ್ಲ" ಅಂದೆ.

ಕೋಲ್ಬಿ ನಮ್ಮವನಾದ. ಟಿವಿಯಲ್ಲಿ ಲೊರೆಟ್ಟಾ ಅಳುತ್ತಿದ್ದಳು. ಸಂತೋಷಕ್ಕೆ ಎಂದರು ಟಿವಿಯವರು.

ಏಪ್ರಿಲ್ 26, ಶುಕ್ರವಾರ. ಮಧ್ಯಾಹ್ನ 1

ಕೋಲ್ಬಿ ಬಂದ. ಹೊಸ ಕೋಟು. ನೇರ ನನ್ನ ಬಳಿ ಬಂದು ಕೈ ಚಾಚಿದ.

"ಕೋಲ್ಬಿ ರೆನ್‌ಫ್ರೋ, ಸರ್. ನಾವು ಭೇಟಿ ಆಗಿಲ್ಲ ಅನ್ಸುತ್ತೆ."

"ನಿಮ್ಮನೇಗೇ ಬಂದಿದ್ನಲ್ಲಪ್ಪ. ನಿಮ್ಮಮ್ಮ ಊಟ ಹಾಕಿದ್ರು."

"ಹೌದೌದು" ಎಂದು ನಕ್ಕ. ನೆನಪಾಗದವರು ನಗುವ ನಗು. ಅದು ನನಗೆ ಚೆನ್ನಾಗಿ ಗೊತ್ತು.

ಅರ್ಧ ತಾಸಿನ ಮೇಲೆ ಕಾರಿಡಾರಿನಲ್ಲಿ ಎದುರಾದ. ಮತ್ತೆ ಕೈ ಚಾಚಿದ. "ಕೋಲ್ಬಿ ರೆನ್‌ಫ್ರೋ, ಸರ್."

ಕೈ ಬೆಚ್ಚಗಿತ್ತು. ಆ ಕೈ ಬಿಟ್ಟು ನೇರ ಬರ್ಡೆಟ್‌ನ ಕೋಣೆಯ ಕಡೆ ನಡೆದೆ.

ಮುಂದಿನ ಶುಕ್ರವಾರ ಹೆಲ್ಮೆಟ್ ಹಾಕಿಕೊಂಡು ಮೈದಾನಕ್ಕೆ ಇಳಿಯುತ್ತಾನೆ. ಬರ್ಡೆಟ್‌ನ ಬಾಗಿಲ ಹೊರಗೆ ಕೂತಿದ್ದೇನೆ. ಒಳಗೆ ಅವನು ಫೋನಿನಲ್ಲಿ ನಗುತ್ತಿದ್ದಾನೆ; ಫೋನಿಟ್ಟ ಕೂಡಲೇ ಒಳಗೆ ಹೋಗುತ್ತೇನೆ. ಬಾಯಿ ತಡವರಿಸಬಾರದೆಂದು ಹೇಳಬೇಕಾದ್ದನ್ನು ಇಲ್ಲೇ ಬರೆದುಕೊಳ್ಳುತ್ತಿದ್ದೇನೆ. ಹುಡುಗನ ತಲೆಗೆ ಮೂರು ಸಲ ಏಟು ಬಿದ್ದಿದೆ. ಫೆಬ್ರವರಿಯಿಂದ ನನಗೆ ಗೊತ್ತು. ವರ್ಜಿಲ್‌ನದೂ ಗೊತ್ತಿತ್ತು. ಗೊತ್ತಿದ್ದೂ ನಾನು —